ಫೋನಕ್ಕ ಈಗ ಇಮೇಲ್ ಕಳಿಸುತ್ತಾರೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಔಷಧಿ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿ, ಭುಜಕ್ಕೆ ಚೀಲ ತಗುಲಿಸಿಕೊಂಡ ಹೆಂಗಸೊಬ್ಬರು ಮೊದಲ ಮಹಡಿಯ ಕಿವಿ ಚಿಕಿತ್ಸಾಲಯದ ಬೀಗ ತೆಗೆಯುತ್ತಾರೆ. ಕಿಟಕಿ ತೆರೆದು, ಕಾಯುವವರ ಕುರ್ಚಿಗಳನ್ನೆಲ್ಲ ತಮ್ಮ ಮೇಜಿನ ಕಡೆಗೇ ತಿರುಗಿಸಿ ಇಡುತ್ತಾರೆ. “ಇಲ್ಲಿಗೆ ಬರೋರಿಗೆ ಹೆಸರು ಕೂಗಿದ್ರೆ ಕೇಳಲ್ಲ. ನನ್ನ ಮುಖ ಕಾಣ್ಬೇಕು,” ಎನ್ನುತ್ತ ಕಂಪ್ಯೂಟರ್ ಗುಂಡಿ ಒತ್ತುತ್ತಾರೆ. ಅದು ಮೈ ಮುರಿದು ಏಳುವಷ್ಟರಲ್ಲಿ ಮೇಜು ಒರೆಸಿಯಾಗಿರುತ್ತದೆ.

ಎಲ್ಲರ ಬಾಯಲ್ಲೂ ಇವರು ಫೋನಕ್ಕ. ಹೆಸರು ಇಟ್ಟವರು ರೋಗಿಗಳು.

ಇವರು ಇಲ್ಲಿಗೆ ಮೊದಲು ಬಂದದ್ದು ಕೆಲಸಕ್ಕಲ್ಲ, ಅತ್ತೆಯನ್ನು ಕರೆದುಕೊಂಡು. ಡಾಕ್ಟರು ಕೇಳಿದ್ದನ್ನು ಸೊಸೆ ಅತ್ತೆಗೆ ಎದುರು ಕೂತು, ಕಿರುಚದೆ, ದನಿ ತಗ್ಗಿಸಿ, ನಿಧಾನವಾಗಿ ಹೇಳುತ್ತಿದ್ದಳಂತೆ. ಅತ್ತೆಗೆ ಒಂದೊಂದು ಮಾತೂ ಅರ್ಥವಾಗುತ್ತಿತ್ತು. ಡಾಕ್ಟರು ಚೀಟಿ ಬರೆಯುವುದನ್ನು ನಿಲ್ಲಿಸಿ, “ನಮ್ಮಲ್ಲಿ ಕೆಲಸಕ್ಕೆ ಬರ್ತೀಯೇನಮ್ಮಾ?” ಎಂದರು. ಗಂಡನ ಕಾರ್ಖಾನೆ ಬಾಗಿಲು ಹಾಕಿ, ಮನೆ ನಡೆಸುವುದೇ ಕಷ್ಟವಾಗಿದ್ದ ಕಾಲ. “ನಾನು ಬಾಯಿ ಬಿಡೋಕೆ ಮುಂಚೆ ಅತ್ತೆಯೇ ‘ಬರ್ತಾಳೆ’ ಅಂದ್ಬಿಟ್ರು. ಅದೊಂದು ಮಾತ್ರ ಅವರಿಗೆ ಚೆನ್ನಾಗಿ ಕೇಳಿಸಿತ್ತು ನೋಡಿ,” ಎಂದು ನಗುತ್ತಾರೆ.

ಅಂದಿನಿಂದ ಮಧ್ಯಾಹ್ನದ ಹೊತ್ತು ಮಾರನೆಯ ದಿನ ಬರಬೇಕಾದವರಿಗೆಲ್ಲ ಫೋನ್ ಮಾಡಿ ನೆನಪಿಸುವುದು ಇವರ ಪಾಲಿನ ಕೆಲಸ. ಕಿವಿ ಕೇಳದವರಿಗೆ ಫೋನ್ ಮಾಡುವುದೆಂದರೆ ಸುಲಭದ ಮಾತೇ? ಎತ್ತುವವರು ಮಗಳು, ಅಳಿಯ, ಒಮ್ಮೊಮ್ಮೆ ಪಕ್ಕದ ಮನೆಯವರು. ‘ನಾಳೆ ಬನ್ನಿ’ ಎಂದು ಶುರುವಾದ ಮಾತು ಹೆರಿಗೆ, ಪರೀಕ್ಷೆ, ಮುರಿದುಬಿದ್ದ ಸಂಬಂಧಗಳನ್ನೆಲ್ಲ ಸುತ್ತಿಕೊಂಡು ಬರುತ್ತಿತ್ತು. “ಹಲೋ ಅಂದ ತಕ್ಷಣ ಆ ಮನೇಲಿ ಜಗಳ ಆಗಿದೆಯೋ ಇಲ್ಲವೋ ಗೊತ್ತಾಗ್ತಿತ್ತು,” ಎನ್ನುವಾಗ ಅವರ ಕೈ ಅರಿವಿಲ್ಲದೆ ಫೋನಿನ ಸುರುಳಿ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತದೆ.

ಹಿರಿಯ ಡಾಕ್ಟರು ನಿವೃತ್ತರಾಗಿ ಮಗಳು ಕುರ್ಚಿಗೆ ಬಂದ ಮೇಲೆ ಕಂಪ್ಯೂಟರಿಗೆ ಸಾಫ್ಟ್‌ವೇರ್ ಬಂತು. ಯಾರು ಯಾವಾಗ ಬರಬೇಕೆಂದು ತುಂಬಿದರೆ ಸಾಕು, ನೆನಪೋಲೆ ಇಮೇಲಿನಲ್ಲಿ ತಾನಾಗಿ ಹೋಗುತ್ತದೆ. “ಇನ್ನು ನೀವು ಗಂಟಲು ಹರ್ಕೊಳ್ಳೋದು ಬೇಡ ಅಕ್ಕಾ,” ಎಂದರು ಕಿರಿಯ ಡಾಕ್ಟರು, ಪ್ರೀತಿಯಿಂದಲೇ. ಮಧ್ಯಾಹ್ನಗಳು ಬಿಕೋ ಎನ್ನತೊಡಗಿದವು. “ಫೋನ್ ಸರಿಯಿದೆಯಾ ಅಂತ ಎತ್ತಿ ನೋಡ್ತಿದ್ದೆ.”

ಆಮೇಲೆ ಬಂದವರು ಹಳೆಯ ರೋಗಿ ಡ್ರಾಯಿಂಗ್ ಮೇಷ್ಟ್ರು, ನಿಗದಿಯಾದ ದಿನ ಕಳೆದು ಎಷ್ಟೋ ದಿನಗಳ ಮೇಲೆ. ಕಿವಿಯ ಯಂತ್ರ ಹೊಂದಿಸುವ ತಂತ್ರಜ್ಞ ಬರುವುದು ತಿಂಗಳಿಗೊಮ್ಮೆ. ಮೇಷ್ಟ್ರಿಗೆ ದಿನ ಮರೆತಿತ್ತು. ನೆನಪೋಲೆ ಸಾಫ್ಟ್‌ವೇರ್ ಕಂಪನಿಯ ಅಪರಿಚಿತ ವಿಳಾಸದಿಂದ ಹೋಗಿ, ಬೇಡದ ಜಾಹೀರಾತುಗಳ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಯಂತ್ರ ಕಿವಿಗೆ ಕೂರುವ ಮೊದಲೇ ಅವರ ಮೊಮ್ಮಗಳು ಮೊದಲ ಬಾರಿ ವೇದಿಕೆಯಲ್ಲಿ ಹಾಡಿಯಾಗಿತ್ತು. “ಮುಂದಿನ ಸಾಲಲ್ಲೇ ಕೂತಿದ್ದೆ ಫೋನಕ್ಕ. ಉಳಿದವರು ಚಪ್ಪಾಳೆ ತಟ್ಟಿದಾಗ ನಾನೂ ತಟ್ಟಿದೆ,” ಎಂದರಂತೆ ಮೇಷ್ಟ್ರು.

ಫೋನಕ್ಕ ತಮ್ಮನ್ನೇ ಬೈದುಕೊಂಡರು. “ನಾನು ಒಂದು ಫೋನ್ ಮಾಡಿದ್ರೆ ಆಗ್ತಿತ್ತು. ಮಾಡಬೇಡಿ ಅಂದ್ರು ಅಂತ ಸುಮ್ಮನಿದ್ದೆ.” ಕಿರಿಯ ಡಾಕ್ಟರಿಗೂ ಕಸಿವಿಸಿ. ಸಾಫ್ಟ್‌ವೇರ್‌ನವರ ಸಹಾಯವಾಣಿಗೆ ಫೋನಕ್ಕನೇ ಫೋನ್ ಹಚ್ಚಿದರು. ಆ ಕಡೆಯ ಹುಡುಗಿ ಸಮಾಧಾನವಾಗಿ ಬಿಡಿಸಿ ಹೇಳಿದಳು: ಚಿಕಿತ್ಸಾಲಯದ ಸ್ವಂತ ಇಮೇಲ್ ಖಾತೆಯನ್ನು ಸಾಫ್ಟ್‌ವೇರಿಗೆ ಜೋಡಿಸಿದರೆ ಓಲೆ ನಿಮ್ಮ ಹೆಸರಲ್ಲೇ ಹೋಗುತ್ತದೆ, ಉತ್ತರವೂ ನಿಮಗೇ ಬರುತ್ತದೆ.

ಸೆಟ್ಟಿಂಗ್ಸ್ ತೆರೆದದ್ದಾಯಿತು, ವಿಳಾಸ ಹಾಕಿದ್ದಾಯಿತು, ಪಾಸ್‌ವರ್ಡ್ ಕೊಟ್ಟದ್ದಾಯಿತು. ಆಗ ಕಂಪ್ಯೂಟರ್ ಗುಟ್ಟಿನ ಸಂಖ್ಯೆ, ಅದೇ ಒಟಿಪಿ, ಕೇಳಿತು. ಅದು ಹೋದದ್ದು ಖಾತೆ ತೆರೆದಿದ್ದ ಹಿರಿಯ ಡಾಕ್ಟರ ಮೊಬೈಲಿಗೆ! ಊರಿನ ಕಿವಿ ನೋಡಿದ ಆ ಡಾಕ್ಟರಿಗೇ ಈಗ ಕಿವಿ ಮಂದ. ಫೋನ್ ಮಾಡಿದಾಗ ಅವರು ಅಂಕೆಗಳನ್ನು ಓದಿದರು, ಇವರು ಖಾತ್ರಿ ಮಾಡಿಕೊಳ್ಳಲು “ಕೊನೇದು ಏಳಾ? ಏಳು?” ಎಂದರು. “ಎದ್ದು ಎಷ್ಟು ಹೊತ್ತಾಯ್ತು ಕಣಮ್ಮಾ, ಸ್ನಾನಾನೂ ಆಯ್ತು!” ಎಂಬ ಉತ್ತರ ಬಂತು. ನಕ್ಕು ಮುಗಿಯುವಷ್ಟರಲ್ಲಿ ಸಂಖ್ಯೆಯ ಅವಧಿಯೂ ಮುಗಿದಿತ್ತು. ಎರಡನೆಯ ಸಲ ಡಾಕ್ಟರ ಹೆಂಡತಿ ಓದಿ ಹೇಳಿದರು. ‘ಅನುಮತಿ ಕೊಡಿ’ ಎಂಬುದನ್ನು ಒತ್ತಿದ್ದೇ ತಡ, ಖಾತೆ ಜೋಡಣೆಯಾಯಿತು. ಪರೀಕ್ಷೆಗೆಂದು ತಮಗೇ ಒಂದು ಓಲೆ ಕಳಿಸಿಕೊಂಡರು. ಮೇಲ್ಗಡೆ ಚಿಕಿತ್ಸಾಲಯದ ಹೆಸರೇ ಇತ್ತು.

ಅಷ್ಟಕ್ಕೇ ಬಿಡಲಿಲ್ಲ. ಸಾಫ್ಟ್‌ವೇರಿನ ಒಣ ವಾಕ್ಯ ಅಳಿಸಿ, ತಾವು ಫೋನಿನಲ್ಲಿ ಹೇಳುತ್ತಿದ್ದಂತೆಯೇ ಬರೆದರು: ‘ನಾಳೆ ಬರ್ತೀರಲ್ಲ? ಹಳೆಯ ಯಂತ್ರವನ್ನೂ ಮರೆಯದೆ ತನ್ನಿ. ಮೆಟ್ಟಿಲು ನಿಧಾನ. ಇಂತಿ, ಫೋನಕ್ಕ.’

ಮೊದಲ ದಿನವೇ ಉತ್ತರಗಳು ಬಂದವು. ಅದರಲ್ಲೊಂದು, ವರ್ಷಗಳಿಂದ ಬರುತ್ತಿರುವ ಅಜ್ಜಿಯದು. ಅದನ್ನು ಫೋನಕ್ಕ ನನಗೆ ಓದಿ ತೋರಿಸುತ್ತಾರೆ: ‘ಬರ್ತೀನಿ. ಇಷ್ಟು ವರ್ಷ ನೀನು ನನ್ನ ಸೊಸೆ ಹತ್ರ ಮಾತಾಡ್ತಿದ್ದೆ, ಅವಳು ಅರ್ಧ ಹೇಳ್ತಿದ್ದಳು. ಇವತ್ತು ನನ್ನ ಹತ್ರಾನೇ ಮಾತಾಡಿದೀಯ.’

“ಇದು ನನಗೆ ಹೊಳೆದೇ ಇರ್ಲಿಲ್ಲ,” ಎಂದು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. “ಆ ಕಾಲ ಚೆನ್ನಾಗಿತ್ತು ಅಂತ ಈಗ್ಲೂ ಅನ್ಸುತ್ತೆ. ದನಿಗಳು ಬೇಕು ಅನ್ಸುತ್ತೆ. ಆದ್ರೆ ಆ ದನಿಗಳೆಲ್ಲ ಮನೆಯವರದ್ದು. ಕಿವಿ ಕೇಳದ ಇವರದ್ದು ಈಗ ಕೇಳಿಸ್ತಿದೆ.”

ಡ್ರಾಯಿಂಗ್ ಮೇಷ್ಟ್ರಿಗೆ ಮರುತಿಂಗಳೇ ಯಂತ್ರ ಕೂತಿತು. ಮೊಮ್ಮಗಳು ಅಡುಗೆಮನೆಯಲ್ಲಿ ಅವರೊಬ್ಬರಿಗಾಗಿ ಇಡೀ ಹಾಡು ಮತ್ತೆ ಹಾಡಿದಳಂತೆ. ಕಳೆದುಹೋದ ಆ ವೇದಿಕೆ ಮಾತ್ರ ಮರಳಿ ಬರುವುದಿಲ್ಲ. ಫೋನಕ್ಕ ಅದನ್ನು ಮರೆತಿಲ್ಲ.

ಮುಂದಿನ ವರ್ಷ ಇವರಿಗೂ ನಿವೃತ್ತಿ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಗುತ್ತದೆ, ಅತ್ತ ನೋಡುತ್ತಲೇ ಹೇಳುತ್ತಾರೆ: “ಓಲೆ ಕಳಿಸೋಕೆ ಯಾರೂ ಬೇಡ, ಅದು ತಾನಾಗೇ ಹೋಗುತ್ತೆ. ಉತ್ತರ ಓದೋಕೆ ಮಾತ್ರ ಒಬ್ಬರನ್ನ ಕೂರಿಸ್ಲಿ. ಅಷ್ಟು ಸಾಕು ನನಗೆ.”