ಕೇಳದೆ ಬರೆದ ‘ಇಲ್ಲ’

ಸೋಮವಾರ ಸಾಗರ, ಬುಧವಾರ ಹೊಸನಗರ, ಶುಕ್ರವಾರ ತೀರ್ಥಹಳ್ಳಿ. ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಪಾಠ ಹೇಳುವ ಕೆಲಸ ನನ್ನದು. ಹದಿನಾಲ್ಕು ವರ್ಷ ಬಸ್ಸಿನಲ್ಲಿ ಕುಲುಕಾಡಿ ಸೊಂಟ ಬಿದ್ದುಹೋಗಿದೆ, ತಾಳ್ಮೆಯೂ ಅಷ್ಟೇ.

ಹೊಸ ಮಗು ಬಂದಾಗ ತಾಯಿಯನ್ನು ಕೂರಿಸಿಕೊಂಡು ಒಂದು ಫಾರಂ ತುಂಬಬೇಕು. ಅದರಲ್ಲೊಂದು ಪ್ರಶ್ನೆ: ಬಸುರಿಯಿದ್ದಾಗ ಮದ್ಯ ಸೇವಿಸಿದ್ದಿರಾ? ಕೂಲಿಗೆ ಹೋಗುವ ಹೆಂಗಸರನ್ನು ಎಗ್ಗಿಲ್ಲದೆ ಕೇಳುತ್ತಿದ್ದೆ. ಲಿಂಗನಮಕ್ಕಿ ಕಡೆಯ ಕ್ವಾರ್ಟರ್ಸಿನಿಂದ ಇಸ್ತ್ರಿ ಸೀರೆಯುಟ್ಟು, ಮಗಳನ್ನು ಸಾಗರಕ್ಕೆ ಕರೆತಂದ ಆ ತಾಯಿಯನ್ನು ಕೇಳಲು ಮನಸ್ಸು ಬರಲಿಲ್ಲ. ಛೆ, ಇಂಥವರನ್ನು ಕೇಳುವುದುಂಟೇ ಎಂದುಕೊಂಡು ನಾನೇ ‘ಇಲ್ಲ’ ಎಂದು ಬರೆದೆ.

ಹುಡುಗಿಗೆ ಆಗ ಏಳು ವರ್ಷ. ಒಂದು ಕಡೆ ಕೂರುತ್ತಿರಲಿಲ್ಲ. ಶಿವಮೊಗ್ಗದ ಡಾಕ್ಟರು ಅವಳನ್ನೂ ನನ್ನ ಫಾರಮನ್ನೂ ನೋಡಿ, ಗಮನ ನಿಲ್ಲದ ತೊಂದರೆ, ಎಡಿಎಚ್‌ಡಿ ಎಂದರು, ಮಾತ್ರೆ ಬರೆದರು. ಕೂರುವುದನ್ನೇನೋ ಕಲಿತಳು. ಆದರೆ ಈ ಸೋಮವಾರ ಆರರ ಮಗ್ಗಿ ಗಡಗಡ ಒಪ್ಪಿಸಿದವಳು ಮುಂದಿನ ಸೋಮವಾರ ಆರೆರಡ್ಲಿ ಎಂದರೆ ನನ್ನ ಮುಖ ನೋಡುತ್ತಿದ್ದಳು. ಎಡಿಎಚ್‌ಡಿ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಅವರ ಗಮನ ಹಿಡಿದು ನಿಲ್ಲಿಸಿದರೆ ಕಲಿತದ್ದು ಸಾಮಾನ್ಯವಾಗಿ ಉಳಿಯುತ್ತದೆ. ಇವಳಿಗೆ ಗಮನವಿಟ್ಟು ಕಲಿತದ್ದೂ ಉಳಿಯುತ್ತಿರಲಿಲ್ಲ. ಬಿಸಿ ಕಾವಲಿ ಮುಟ್ಟಿ ಕೈ ಸುಟ್ಟುಕೊಂಡವಳು ಮಾರನೇ ದಿನ ಮತ್ತೆ ಮುಟ್ಟುತ್ತಿದ್ದಳಂತೆ. ನನಗೆ ಅನುಮಾನ ಬರಬೇಕಿತ್ತು. ಸಿಟ್ಟು ಬಂತು. ಬರೀ ಸೋಮಾರಿತನ, ಸ್ವಲ್ಪ ಬಿಗಿ ಮಾಡಿ ಎಂದು ತಾಯಿಗೆ ಹೇಳಿದೆ. ಹೀಗೇ ಮೂರು ವರ್ಷ ಹೋಯಿತು.

ಈ ವರ್ಷ ಹೊಸದಾಗಿ ಬಂದ ಡಾಕ್ಟರು, ಒಂದೂ ಪ್ರಶ್ನೆ ಬಿಡದೆ ಫಾರಂ ಮತ್ತೆ ತುಂಬಿಸಿ ಕಳಿಸಿ ಎಂದರು. ನೆಲ ನೋಡುತ್ತಾ ಆ ತಾಯಿಯನ್ನು ಕೇಳಿದೆ.

ಆಕೆ ಬೆಚ್ಚಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. ಮೊದಲ ಮಗು ಹೊಟ್ಟೆಯಲ್ಲೇ ಹೋದ ಮೇಲೆ ನಿದ್ದೆ ಹತ್ತುತ್ತಿರಲಿಲ್ಲವಂತೆ. ಗಂಡನ ಬಾಟಲಿಯಿಂದ ದಿನಾ ಕುಡಿದು ಮಲಗುತ್ತಿದ್ದರಂತೆ, ಇವಳು ಹೊಟ್ಟೆಯಲ್ಲಿದ್ದಾಗಲೂ. ಮಗುವಿಗೆ ತಾಗುತ್ತದೆಂದು ಯಾರೂ ಹೇಳಿರಲಿಲ್ಲ.

“ಅವತ್ತೇ ಕೇಳಿದ್ರೆ ಹೇಳ್ತಿದ್ದೆ ಮೇಡಂ,” ಎಂದರು.

ಅದರಿಂದಲೇ ಮಗುವಿನ ಮಿದುಳಿಗೆ ಪೆಟ್ಟು ಬಿದ್ದಿರಬಹುದು, ಡಾಕ್ಟರು ನೋಡಿ ಹೇಳಬೇಕು ಎಂದೆ. ಇಂಥ ಮಕ್ಕಳಿಗೆ ಹೇಳಿದ್ದನ್ನೇ ನೂರು ಸಲ ಹೇಳಬೇಕು, ಬೈದು ಪ್ರಯೋಜನವಿಲ್ಲ ಎಂದೂ ಹೇಳಿದೆ.

“ಸೋಮಾರಿ ಅಂತ ಮೂರು ವರ್ಷ ಹೊಡೆದಿದೀನಿ. ಅವಳ ತಪ್ಪೇ ಇರ್ಲಿಲ್ವಾ?”

“ಇರ್ಲಿಲ್ಲ,” ಎಂದೆ. ನನ್ನದಿತ್ತು ಎನ್ನಲು ಬಾಯಿ ಬರಲಿಲ್ಲ.