ಜಗಳೂರಿನಲ್ಲಿ ಸಿಕ್ಕ ಬೀಗರು

ಚನ್ನಗಿರಿಯ ಅಡಿಕೆ ವ್ಯಾಪಾರಿ ನಾಗೇಂದ್ರಪ್ಪನವರು ಕುಡಿಯುತ್ತಾರೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಕುಡಿತ ಬಿಡಲು ಹೊರಟಿದ್ದಾರೆ ಎಂಬುದು ಮಾತ್ರ ಯಾರಿಗೂ ಗೊತ್ತಾಗಬಾರದಿತ್ತು. ಮರ್ಯಾದೆ ಪ್ರಶ್ನೆ ನೋಡಿ!

ಬಿಡುವ ಮಾತು ತೆಗೆದವಳು ಮಗಳು ರೂಪಶ್ರೀ. ನ್ಯಾಮತಿಗೆ ಕೊಟ್ಟ ಹುಡುಗಿ, ಈಗ ಚೊಚ್ಚಲ ಬಸುರಿ. ಕುಬಸದ ಶಾಸ್ತ್ರ ಮುಗಿಸಿ ತವರಿಗೆ ಕರೆತರಬೇಕು, ಬಾಣಂತನ ಇಲ್ಲೇ ಆಗಬೇಕು. ಆದರೆ ಅವಳು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿಬಿಟ್ಟಳು: "ಅಪ್ಪಾಜಿ, ನೀವು ಕುಡಿಯೋದು ಬಿಡೋವರೆಗೂ ನಾನು ಆ ಮನೆಗೆ ಬರಲ್ಲ. ಕುಡಿತ ಬಿಡೋರ ಮೀಟಿಂಗ್ ಇರ್ತಾವಂತೆ, ಹೋಗ್ರಿ."

ಮೀಟಿಂಗ್ ಹುಡುಕುವುದು ಕಷ್ಟವಾಗಲಿಲ್ಲ. ಚನ್ನಗಿರಿಯಲ್ಲೇ ಒಂದಿತ್ತು, ಅವರು ದಿನಾ ಟೀ ಕುಡಿಯುವ ಹೋಟೆಲಿನ ಎದುರಿಗೇ. ಅದೇ ಅದರ ದೋಷ. ಹೊನ್ನಾಳಿಯಲ್ಲಿ ಇನ್ನೊಂದಿತ್ತು, ಅದು ನ್ಯಾಮತಿಗೆ ತೀರಾ ಹತ್ತಿರ. ಮಗಳ ಮಾವ ಮುರುಗೇಶಪ್ಪನವರ ಕಿವಿಗೆ ಬಿದ್ದರೆ ಮುಗಿಯಿತು. ಮದುವೆಯ ದಿನವೇ ಮೂಗು ಮುಚ್ಚಿಕೊಂಡು, "ಬೀಗರೇ, ನಮ್ಮನೇಲಿ ಇದೆಲ್ಲ ನಡಿಯಂಗಿಲ್ಲ" ಎಂದು ನಾಲ್ಕು ಜನರೆದುರು ಅಂದಿದ್ದ ಮನುಷ್ಯ ಅವರು. ಅಳೆದೂ ಸುರಿದೂ ನಾಗೇಂದ್ರಪ್ಪನವರು ಜಗಳೂರನ್ನು ಆರಿಸಿಕೊಂಡರು. ದಾವಣಗೆರೆಗೆ ಹೋಗಿ ಬಸ್ಸು ಬದಲಿಸಬೇಕು, ಆದರೆ ಅಲ್ಲಿ ತಮ್ಮನ್ನು ಗುರುತಿಸುವ ನರಪಿಳ್ಳೆಯೂ ಇಲ್ಲ.

ಓಣಿಯವರು ಕೇಳಿದರೆ, "ಜಗಳೂರಿಗೆ ಅಡಿಕೆ ನೋಡಾಕೆ" ಎಂದರು. ಮೆಕ್ಕೆಜೋಳ, ಶೇಂಗಾದ ಸೀಮೆಗೆ ಚನ್ನಗಿರಿಯಿಂದ ಅಡಿಕೆ ಹುಡುಕಿಕೊಂಡು ಹೋಗುವವರು ಇವರೊಬ್ಬರೇ. "ರೀ, ಸುಳ್ಳು ಹೇಳಾಕಾದ್ರೂ ಒಂಚೂರು ಬುದ್ಧಿ ಬ್ಯಾಡವಾ?" ಎನ್ನುತ್ತ ಹೆಂಡತಿ ಕಸ್ತೂರಮ್ಮ ರೊಟ್ಟಿ ಕಟ್ಟಿಕೊಟ್ಟರು.

ಮೀಟಿಂಗ್ ನಡೆಯುತ್ತಿದ್ದುದು ಹಳೆಯದೊಂದು ಟ್ಯೂಷನ್ ಕೋಣೆಯಲ್ಲಿ. ನಡೆಸುವವನು ಬಿಳಿಚೋಡಿನ ಗಾದ್ರಪ್ಪ, ಕುರಿ ಸಾಕುವವನು, ತಾನೂ ಒಂದು ಕಾಲಕ್ಕೆ ಕುಡಿದು ಆಮೇಲೆ ಬಿಟ್ಟವನು. ನಾಗೇಂದ್ರಪ್ಪನವರು ಮುಖಕ್ಕೆ ಸುತ್ತಿಕೊಂಡಿದ್ದ ಟವೆಲ್ ಬಿಚ್ಚಿ ಒಳಗೆ ಕಾಲಿಟ್ಟರು. ಎದುರಿನ ಬೆಂಚಿನಲ್ಲಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಮುರುಗೇಶಪ್ಪನವರು ಕೂತಿದ್ದರು.

ಅಯ್ಯೋ ಶಿವನೇ!

"ಬೀಗರು... ಇಲ್ಲಿ?"

"ಕುರಿ ನೋಡಾಕೆ ಬಂದಿದ್ದೆ," ಎನ್ನುತ್ತ ಮುರುಗೇಶಪ್ಪ ಎದ್ದು ನಿಂತರು. ಮೊಟ್ಟೆ ಕಂಡರೂ ಮುಖ ತಿರುಗಿಸುವ ಮನೆತನ ಅವರದು. "ನೀವು?"

"ಅಡಿಕೆ."

ಇನ್ನು ಕೂರುವ ಪ್ರಶ್ನೆ ಬಂತು. ಹೆಣ್ಣು ಕೊಟ್ಟವರು ಬೀಗರಿಗಿಂತ ಮೊದಲು ಕೂರುವುದುಂಟೇ? "ಕೂತ್ಕಳ್ರಿ ಬೀಗರೇ." "ಛೇ ಛೇ, ಮೊದ್ಲು ನೀವು." ಗಾದ್ರಪ್ಪ ಸ್ವಲ್ಪ ಹೊತ್ತು ನೋಡಿದ, ಆಮೇಲೆ ಇಬ್ಬರ ಭುಜ ಹಿಡಿದು ಒಟ್ಟಿಗೇ ಕೂರಿಸಿದ. ಮಾತಾಡುವ ಸರದಿಯಲ್ಲೂ ಅದೇ ರಾಗ: ಬೀಗರು ಮೊದಲು, ಬೀಗರು ಮೊದಲು.

"ಇದೇನು ಬೀಗರ ಊಟ ಏನ್ರಿ?" ಎಂದು ಗಾದ್ರಪ್ಪ ರೇಗಿದ. "ಇಲ್ಲಿ ಕೇಳಿದ್ದು ಇಲ್ಲೇ ಬಿಟ್ಟು ಹೋಗ್ಬೇಕು. ಯಾರ್ ಬಂದಿದ್ರು ಅನ್ನೋದನ್ನ ಹೆಂಡ್ತಿ ಮಕ್ಕಳಿಗೂ ಹೇಳಂಗಿಲ್ಲ. ಯಾರಾದ್ರೂ ಶುರು ಮಾಡ್ರಿ."

ಗಂಡಿನ ಕಡೆಯವರೆಂಬ ಹಿರಿತನ ಎಲ್ಲಿ ಹೋದೀತು? ಮುರುಗೇಶಪ್ಪನವರೇ ಎದ್ದರು.

"ನಾನು ಮನೇಲಿ ಬಾಗ್ಲು ಹಾಕ್ಕಂಡು ಕುಡಿತೀನಿ. ಊರಿಗೆ ಗೊತ್ತಿಲ್ಲ. ಮೊನ್ನೆ ಹಬ್ಬದ ದಿನ ನಡುಮನೇಲೇ ವಾಂತಿ ಮಾಡ್ಕಂಡೆ. ನನ್ನ ಸೊಸೆ, ಬಸುರಿ ಹೆಂಗ್ಸು, ನೆಲಕ್ಕೆ ಕೂತು ಒರೆಸಿದ್ಲು. ಬಿಡವ್ವ ಅಂದೆ. 'ಇರ್ಲಿ ಮಾವ, ನಂಗೆ ರೂಢಿ ಐತೆ. ನಮ್ಮನೇಲೂ ನಾನೇ ಒರೆಸ್ತಿದ್ದೆ' ಅಂದ್ಲು."

ಇಷ್ಟು ಹೇಳಿ ಕೂತರು. ಪಕ್ಕಕ್ಕೆ ತಿರುಗಿ ನೋಡಲಿಲ್ಲ.

ನಾಗೇಂದ್ರಪ್ಪನವರಿಗೆ ಮೊದಲು ಬಂದದ್ದು ಸಿಟ್ಟು. ಕುಡಿಯದ ಮನೆ ಎಂದು ನಂಬಿ ಹೆಣ್ಣು ಕೊಟ್ಟಿದ್ದೆನಲ್ಲ! ಮಗಳು ಒಂದು ಮಾತೂ ಹೇಳಲಿಲ್ಲವಲ್ಲ! ಹೇಳುವುದಾದರೂ ಯಾವಾಗ? ಅವಳು ಫೋನು ಮಾಡುತ್ತಿದ್ದುದು ಸಂಜೆ. ಸಂಜೆ ಹೊತ್ತಿಗೆ ಅಪ್ಪ ಎಂಬುವನು ಯಾವ ಸ್ಥಿತಿಯಲ್ಲಿರುತ್ತಿದ್ದ ಎಂಬುದು ಅವರಿಗೇ ನೆನಪಿರಲಿಲ್ಲ. ಸಿಟ್ಟು ಇಳಿಯಿತು. ಎದ್ದು ನಿಂತರು.

"ಆ ಮನೆ ನಂದೇ," ಎಂದರು.

ಬಿಕ್ಕಿ ಬಿಕ್ಕಿ ಅತ್ತರು. ಮುರುಗೇಶಪ್ಪ ತಮ್ಮ ಟವೆಲ್ ಕೊಟ್ಟರು. ಬೀಗರು ಕೊಟ್ಟದ್ದನ್ನು ಬೇಡ ಎನ್ನಲಾಗದೆ ಅದರಲ್ಲೇ ಮೂಗು ಒರೆಸಿಕೊಂಡರು.

ಅಂದಿನಿಂದ ವಾರವಾರವೂ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಯಾರು ಮೊದಲು ಬಂದರೋ ಅವರು ಕಿಟಕಿಯಿಂದ ಟವೆಲ್ ಎಸೆದು ಎರಡು ಸೀಟು ಹಿಡಿಯುವುದು ರೂಢಿಯಾಯಿತು. ನಡುವೆ ನಾಗೇಂದ್ರಪ್ಪನವರು ಒಮ್ಮೆ ಜಾರಿದರು. ಮುಂದಿನ ವಾರ ಎಲ್ಲರೆದುರು ಅದನ್ನೂ ಹೇಳಿದರು, ಮಗಳಿಗೂ ಫೋನು ಮಾಡಿ ಹೇಳಿದರು. ಕುಡಿದು ಬಿದ್ದದ್ದನ್ನು ಅಪ್ಪ ತಾನಾಗಿ ಹೇಳಿದ್ದು ಅದೇ ಮೊದಲು. ಕುಬಸ ಮುಗಿದ ಮೇಲೆ ರೂಪಶ್ರೀ ಬಟ್ಟೆಬರೆ ಕಟ್ಟಿಕೊಂಡು ತವರಿಗೆ ಬಂದಳು.

ಬಂದ ದಿನವೇ ಅವಳ ಕೈಯಿಂದ ಚೊಂಬು ಜಾರಿ ನಡುಮನೆಯೆಲ್ಲ ನೀರಾಯಿತು. ಅಭ್ಯಾಸಬಲ, ಬಟ್ಟೆ ತಗೊಂಡು ಬಗ್ಗಿದಳು. "ಬಿಡವ್ವ," ಎಂದು ನಾಗೇಂದ್ರಪ್ಪನವರು ಅದನ್ನು ಕಸಿದುಕೊಂಡು ಕುಕ್ಕರಗಾಲಿನಲ್ಲಿ ಕೂತು ಒರೆಸತೊಡಗಿದರು.

"ಅಪ್ಪಾಜಿ, ಜಗಳೂರಿಗೆ ಯಾರ್ಯಾರು ಬರ್ತಾರೆ?"

"ನಮಗೆ ಗೊತ್ತಿರೋರು ಯಾರೂ ಇಲ್ಲವ್ವ."

ರೂಪಶ್ರೀ ಗೋಡೆಗೆ ಒರಗಿ ಅವರು ಒರೆಸುವುದನ್ನೇ ನೋಡುತ್ತಿದ್ದಳು.

"ಮಾವನೂ ಈಗೀಗ ಹಿಂಗೇ ಒರೆಸ್ತಾರೆ," ಎಂದಳು. "ಮೂಲೆ ಬಿಟ್ಟು."

ನಾಗೇಂದ್ರಪ್ಪನವರು ತಲೆ ಎತ್ತಲಿಲ್ಲ. ಮೂಲೆಯನ್ನೂ ಒರೆಸಿದರು.