ಹುಳುಮನೆಯಲ್ಲಿ ಕೋಳಿ

ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆ ಕೂಡ ಹೊಸ್ತಿಲು ದಾಟಿದ್ದಿಲ್ಲ. ಅಂಥ ಮನೆಗೆ, ಗಂಡ ತೀರಿಕೊಂಡ ಐದನೇ ತಿಂಗಳಲ್ಲಿ, ನಾನೊಂದು ಕೋಳಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದೆ.

ಪಹಣಿಯಲ್ಲಿ ಅವರ ಹೆಸರಿದ್ದ ಕಡೆ ನನ್ನ ಹೆಸರು ಹಾಕಿಸಲು ಹನೂರಿಗೆ ಹೋಗಿದ್ದೆ. ವಾಪಸು ಬಂದು ಕಾಮಗೆರೆಯಲ್ಲಿ ಬಸ್ಸಿಳಿದಾಗ ಫಾರಂ ಕೋಳಿ ತುಂಬಿದ ಲಾರಿಯೊಂದು ಆಗತಾನೇ ಹೋಗಿತ್ತು. ಅದರಿಂದ ಬಿದ್ದ ಒಂದು ಕೋಳಿ ರಸ್ತೆ ಪಕ್ಕ ಕೂತಿತ್ತು. ಮೊಟ್ಟೆ ಇಟ್ಟು ಇಟ್ಟು ಸವೆದದ್ದು. ಕತ್ತು ಬೋಳು, ಬೆನ್ನು ಬೋಳು, ಕೊಕ್ಕಿನ ತುದಿ ಕತ್ತರಿಸಿದ್ದು. ಟೀ ಅಂಗಡಿಯವನು ಅದರ ಕಾಲು ಹಿಡಿದು ಎತ್ತಿದ.

‘ನಂಗೆ ಕೊಡಪ್ಪ’ ಅಂದೆ.

ಅವನು ನನ್ನ ಹಣೆಯ ವಿಭೂತಿ ನೋಡಿದ. ‘ನೀವೇನ್ ಮಾಡೀರವ್ವ ಇದ್ನ?’

ನನಗೂ ಗೊತ್ತಿರಲಿಲ್ಲ. ಕರುಣೆ ಅಂತ ಹೇಳಿಕೊಂಡರೆ ಸುಳ್ಳಾಗುತ್ತದೆ. ಆ ದಿನಗಳಲ್ಲಿ ನನಗೆ ಯಾವುದಕ್ಕೂ ಏನೂ ಅನ್ನಿಸುತ್ತಿರಲಿಲ್ಲ. ಅಳು ಕೂಡ ಬಂದಿರಲಿಲ್ಲ; ಬಂದ ನೆಂಟರಿಗೆ ಅದೇ ದೊಡ್ಡ ಮಾತಾಗಿತ್ತು.

ಅತ್ತೆ ಜಗಲಿಯಲ್ಲಿದ್ದರು. ಸಾರಿಗೆ ಒಂದು ಹರಳು ಉಪ್ಪು ಹೆಚ್ಚುಕಡಿಮೆಯಾದರೂ ತಟ್ಟೆ ನೂಕುತ್ತಿದ್ದ ಹೆಂಗಸು. ಮಗ ಹೋದ ಮೇಲೆ ಅವರ ಬಾಯಿಗೂ ಬೀಗ ಬಿದ್ದಿತ್ತು. ‘ವಳಿಕ್ಕೆ ಮಾತ್ರ ತರ್ಬ್ಯಾಡ ಕಣಮ್ಮಿ’ ಎಂದಷ್ಟೇ ಅಂದರು.

ಹಿತ್ತಲ ಹುಳುಮನೆ ಖಾಲಿ ಇತ್ತು. ರೇಷ್ಮೆ ಹುಳು ಸಾಕುವುದನ್ನು ಅವರು ಹೋದಾಗಲೇ ನಿಲ್ಲಿಸಿ, ತೋಟದ ಹಿಪ್ಪುನೇರಳೆ ಸೊಪ್ಪನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದೆವು. ಕೋಳಿಯನ್ನು ಅಲ್ಲಿ ಹುಳು ಸಾಕುವ ಒಂದು ಬಿದಿರು ತಟ್ಟಿಯ ಮೇಲೆ ಬಿಟ್ಟೆ. ಕಣ್ಣು ಮುಚ್ಚಿ, ಅಲುಗಾಡದೆ ಕೂತಿತು.

ಇಪ್ಪತ್ತು ವರ್ಷ ಹುಳು ಸಾಕಿದವಳಿಗೆ ಅದನ್ನು ನೋಡಿ ಇನ್ನೇನು ಹೊಳೆಯಬೇಕು? ಪೊರೆ ಬಿಡುವ ಮುಂಚೆ ಹುಳುವೂ ಹೀಗೇ ಸ್ತಬ್ಧವಾಗಿ ಕೂರುತ್ತದೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು. ಅದರ ಪಾಡಿಗೆ ಅದು ಪೊರೆ ಬಿಟ್ಟು ಏಳುತ್ತದೆ. ನಾನೂ ಸುಣ್ಣ ಉದುರಿಸಿ ಕಿಟಕಿಗೆ ಗೋಣಿತಾಟು ಕಟ್ಟಿ ಬಂದೆ. ಕಾಳು ಇಡಲಿಲ್ಲ. ನೀರನ್ನೂ ಇಡಲಿಲ್ಲ, ಹುಳುವಿಗೆ ನೀರು ಕೊಡುವವರು ಯಾರು?

ಮೂರನೇ ದಿನ ಬೆಳಿಗ್ಗೆ ಸೊಪ್ಪು ಕುಯ್ಯಲು ಬಂದ ಹೆಂಗಸು ಕುಡುಗೋಲು ತೆಗೆದುಕೊಳ್ಳಲು ಹುಳುಮನೆಗೆ ಹೋದವಳು ಅಲ್ಲಿಂದಲೇ ಕೂಗಿಕೊಂಡಳು.

‘ಅವ್ವೋರೇ, ಇದ್ಯಾರು ಸುಣ್ಣ ಬಳ್ದಿರೋರು? ಸಾಯ್ತಾ ಅದೆ ಕಣ್ರವ್ವ!’

ನಾನು ಓಡಿಹೋಗಿ ವಿವರಿಸಿದೆ. ಅವಳಿಗೆ ನಗು, ಸಿಟ್ಟು ಎರಡೂ ಬಂತು. ‘ಇದೇನು ಉಳ್ವಾ, ಸುಮ್ನೆ ಬುಟ್ರೆ ತಾನೇ ಏಳಕ್ಕೆ? ಕೋಳಿ ಕಣ್ರವ್ವ. ಒಂಟಿ ಕೂತ್ರೆ ಅಂಗೇ ಓಯ್ತದೆ.’

ಅವಳೇ ಅದರ ಕಣ್ಣಿನ ಸುಣ್ಣ ಒರೆಸಿದಳು, ಹನಿ ಹನಿ ನೀರು ಕುಡಿಸಿದಳು, ಗೋಣಿತಾಟು ಕಿತ್ತು ಬಿಸಿಲು ಬಿಟ್ಟಳು. ಮೊಂಡು ಕೊಕ್ಕಿಗೆ ಕಾಳು ಸಿಗುವುದಿಲ್ಲ, ಮೆತ್ತಗಿನ ಮುದ್ದೆ ಹಾಕಿ ಅಂದಳು. ಹಾಕಿದೆ. ಕೋಳಿ ಮೂಸಲೂ ಇಲ್ಲ.

‘ಇದು ಗುಂಪ್ನಾಗೆ ಬೆಳ್ದಿರೋದು. ಪಕ್ದಲ್ಲಿ ಯಾರಾರ ತಿಂತಿದ್ರೆ ತಾನೂ ತಿಂತದೆ. ನಿಮ್ ತಟ್ಟೆ ಇಲ್ಲಿಗೇ ತಕಂಬನ್ನಿ’ ಎಂದು ಕುಡುಗೋಲು ತೆಗೆದುಕೊಂಡು ಹೊರಟಳು.

ಕೋಳಿ ಎದುರು ಊಟಕ್ಕೆ ಕೂತ ಲಿಂಗವಂತರ ಸೊಸೆ ನಾನೊಬ್ಬಳೇ ಇರಬೇಕು. ಆಗೆಲ್ಲ ನಾನು ಉಣ್ಣುತ್ತಿದ್ದುದು ಒಲೆ ಮುಂದೆ ನಿಂತು, ನಾಲ್ಕು ತುತ್ತು. ಅತ್ತೆಗೆ ಬಡಿಸಿ ಬಂದುಬಿಡುತ್ತಿದ್ದೆ. ಅವತ್ತು ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು ಹಾಕಿಕೊಂಡು ಹೋಗಿ ನೆಲದ ಮೇಲೆ ಕೂತೆ. ಮುರಿದು ತಿಂದೆ. ಕೋಳಿ ಒಂದು ಕಣ್ಣಲ್ಲಿ ನೋಡಿತು. ಇನ್ನೊಂದು ತುತ್ತು ತಿಂದೆ. ಅದು ಕತ್ತು ಚಾಚಿ, ತನ್ನ ಮುಂದಿನ ಮುದ್ದೆಯನ್ನು ಕುಕ್ಕಿತು. ತಪ್ಪಿತು. ಮತ್ತೆ ಕುಕ್ಕಿ ನುಂಗಿತು.

ಅದು ತಿನ್ನುವುದನ್ನು ನಿಲ್ಲಿಸೀತೆಂದು ನಾನೂ ನಿಲ್ಲಿಸಲಿಲ್ಲ. ಐದಾರು ತುತ್ತಾದ ಮೇಲೆ ಬಾಯಿಗೆ ಏನೋ ತಿಳಿಯಿತು. ಸಾರಿಗೆ ಉಪ್ಪೇ ಇರಲಿಲ್ಲ.

ತಟ್ಟೆ ಹಿಡಿದುಕೊಂಡೇ ಒಳಗೆ ಬಂದೆ. ಅತ್ತೆ ಅದೇ ಸಾರಿನಲ್ಲಿ ಮುದ್ದೆ ಅದ್ದಿ ನುಂಗುತ್ತಿದ್ದರು.

‘ಅತ್ತೆ, ಉಪ್ಪೇ ಹಾಕಿಲ್ಲ ನಾನು.’

‘ಗೊತ್ತು ಕಣಮ್ಮಿ.’ ಅವರು ತಲೆ ಎತ್ತಲಿಲ್ಲ.

‘ಇವತ್ತೊಂದಿನಾನಾ?’

‘ಬೋ ದಿಸ್ದಿಂದ.’

‘ಹೇಳಬಾರ್ದಿತ್ತಾ?’

‘ನಿನ್ ಪಾಡ್ಗೆ ನೀನೇ ಎದ್ದೀಯ ಅಂತ ಸುಮ್ನೆ ಬುಟ್ಟಿದ್ದೆ.’

ಉಪ್ಪಿನ ಜಾಡಿ ತಂದೆ. ಅವರ ತಟ್ಟೆಗೆ ಹಾಕಿದೆ, ನನ್ನ ತಟ್ಟೆಗೂ ಹಾಕಿಕೊಂಡೆ. ಒಲೆ ಮುಂದೆ ಹೋಗಿ ನಿಲ್ಲಲಿಲ್ಲ, ಅವರ ಪಕ್ಕದಲ್ಲೇ ಕೂತು ಉಂಡೆ.